ತಗಡಿನ ಮಾಡಿಗೊಂದು, ತಾರಸಿ ಮನೆಗೊಂದು: ಹಾಡಿಗೂ ಗೇಮಿಗೂ ಹೆಡ್‌ಫೋನ್ ಆರಿಸುವಾಗ

ನಿಮ್ಮ ಮನೆಯ ಮಾಡು ಎಂಥದ್ದು? ಹಂಚೋ, ತಗಡೋ, ತಾರಸಿಯೋ? ಯಾವ ಹೆಡ್‌ಫೋನ್ ತಗೊಳ್ಳಲಿ ಎಂದು ಕೇಳಿದವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಹಾಗಾಗಿ ಹುಡುಗರು, ಹುಡುಗಿಯರು ವರ್ಷವಿಡೀ ಬಂದು ಕೇಳುತ್ತಿರುತ್ತಾರೆ. ಬಜೆಟ್ ಎಷ್ಟು ಅಂತ ಆಮೇಲೆ ವಿಚಾರಿಸುತ್ತೇನೆ. ಹೊಸನಗರದ ಕಡೆ ತಗಡಿನ ಕೆಳಗೆ ಜುಲೈ ತಿಂಗಳಲ್ಲಿ ಕೂತು ಕೇಳುವವರಿಗೂ, ವಿನೋಬನಗರದ ತಾರಸಿ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಕೇಳುವವರಿಗೂ ಒಂದೇ ಹೆಡ್‌ಫೋನ್ ಹೊಂದುವುದಿಲ್ಲ. ಎಷ್ಟು ದುಡ್ಡು ಸುರಿದರೂ ಹೊಂದುವುದಿಲ್ಲ.

ನನಗೆ ಎರಡೂ ಮನೆಯ ರೂಢಿ ಇದೆ. ಕೆಲಸ, ಬಾಡಿಗೆ ಮನೆ ವಿನೋಬನಗರದಲ್ಲಿ. ತವರು ಹೊಸನಗರ ತಾಲ್ಲೂಕಿನಲ್ಲಿ, ತೋಟದ ಮನೆ. ಹಳೆಯ ಭಾಗಕ್ಕೆ ಹಂಚು, ತಮ್ಮ ಕೂತು ಆಫೀಸಿನ ಕೆಲಸ ಮಾಡುವ ಮೆತ್ತಿನ ಕೋಣೆಗೆ ತಗಡು. ನಾನು ಹಾಡು ಕೇಳುವವಳು. ಗಮಕ, ಭಾವಗೀತೆ, ಯಕ್ಷಗಾನ, ಅಪ್ಪ ಭದ್ರಾವತಿ ಆಕಾಶವಾಣಿಯಿಂದ ಕ್ಯಾಸೆಟ್ಟಿಗೆ ಹಿಡಿದಿಟ್ಟ ಹಳೆಯ ಕಾರ್ಯಕ್ರಮಗಳು, ಎಲ್ಲವೂ ಬೇಕು. ತಮ್ಮನಿಗೆ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್. ಊರಿಗೆ ಹೋದಾಗ ನಾನೂ ಅವನ ಜತೆ ಆಡುತ್ತೇನೆ. ಇಲ್ಲಿ ಬರೆದಿರುವ ಸಾಮಾನುಗಳಲ್ಲಿ ಕೆಲವು ನಮ್ಮವು, ಕೆಲವು ಸ್ನೇಹಿತರಿಂದ ತಂದು ಬಹಳ ಹೊತ್ತು ಕೇಳಿ ನೋಡಿದವು.

ಮೊದಲು ಮಳೆಯ ಮಾತು. ಕಿವಿಯ ಹೊರಗಿನ ಬಟ್ಟಲು ಪೂರ್ತಿ ಮುಚ್ಚಿದ್ದರೆ ಅದು ಕ್ಲೋಸ್ಡ್ ಬ್ಯಾಕ್. ಬೆನ್ನಿಗೆ ಜಾಲರಿ ಇಟ್ಟು ಗಾಳಿಯಾಡಲು ಬಿಟ್ಟಿದ್ದರೆ ಓಪನ್ ಬ್ಯಾಕ್. ಓಪನ್ ಬ್ಯಾಕಿನಲ್ಲಿ ಹಾಡು ತಲೆಯೊಳಗೆ ಒತ್ತಿಕೊಂಡ ಹಾಗೆ ಕೇಳಿಸುವುದಿಲ್ಲ. ಸ್ವಲ್ಪ ಹೊರಗೆ ಹರಡಿಕೊಂಡು, ಒಂದು ಕೋಣೆಯಲ್ಲಿ ಕೂತು ಕೇಳಿದ ಹಾಗಿರುತ್ತದೆ. ಗೇಮಿನಲ್ಲೂ ಹೆಜ್ಜೆ ಸಪ್ಪಳ ಎಷ್ಟು ದೂರ ಎಂದು ಅಂದಾಜು ಮಾಡಲು ಬಹಳ ಜನಕ್ಕೆ ಅದೇ ಇಷ್ಟ. ಕಿವಿಯೂ ಬೆವರುವುದಿಲ್ಲ. ಆದರೆ ಆ ಜಾಲರಿಯಲ್ಲಿ ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಪುನರ್ವಸು ಮಳೆ ತಗಡಿನ ಮೇಲೆ ಹೊಡೆಯುವಾಗ ಓಪನ್ ಬ್ಯಾಕ್ ಹಾಕಿಕೊಂಡು ಕೂತರೆ ಹಿಂದೆ ತಂಬೂರಿ ನುಡಿಯುತ್ತಿದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ.

ಆಗ ಕೈ ವಾಲ್ಯೂಮ್ ಕಡೆ ಹೋಗುತ್ತದೆ. ನನಗೆ ಭಯ ಇರುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಸದ್ದು 90 ಡೆಸಿಬಲ್‌ಗೆ ಏರಿದರೆ ವಾರಕ್ಕೆ ಬರೀ 4 ಗಂಟೆ. ಮಳೆಯ ಸದ್ದನ್ನು ಮೀರಿಸಲು ಹೊರಟವರು ಆ ಹತ್ತು ಡೆಸಿಬಲ್ ಏರಿಸುವುದು ಅವರಿಗೇ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೂ ಗುಂಡಿ ಅಲ್ಲೇ ಇರುತ್ತದೆ. ಹಾಗಾಗಿ ತಗಡಿನ ಮನೆಯವರು ಓಪನ್ ಬ್ಯಾಕ್ ಆಸೆ ಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಪೆಟ್ಟಿಗೆಯಲ್ಲೇ ಕೂರುತ್ತದೆ.

"ಅಕ್ಕಾ, ನಾಯ್ಸ್ ಕ್ಯಾನ್ಸಲಿಂಗ್ ಇರೋದು ತಗೊಂಡ್ರೆ ಆಯ್ತಲ್ಲ?" ಎಂದು ತಮ್ಮ ಕೇಳಿದ್ದ. ಬಹಳ ಜನ ಕೇಳುವ ಪ್ರಶ್ನೆಯೇ ಇದು. ಹೊರಗಿನ ಸದ್ದನ್ನು ಹೆಡ್‌ಫೋನಿನ ಮೈಕು ಹಿಡಿಯುತ್ತದೆ. ಅದಕ್ಕೆ ಸರಿ ವಿರುದ್ಧವಾದ ಅಲೆಯನ್ನು ಒಳಗೆ ನುಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ಒಂದೇ ಸಮನೆ ಗುಂಯ್ ಅನ್ನುವ ತಗ್ಗಿನ ಸದ್ದಿಗೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಬಸ್ಸಿನ ಇಂಜಿನ್, ವಿಮಾನ, ಫ್ಯಾನು, ಇಂಥವಕ್ಕೆ. ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ಇಂಜಿನ್ನಿನ ಮೊರೆತ ಅರ್ಧಕ್ಕರ್ಧ ಮಾಯವಾಗುವುದನ್ನು ನಾನೇ ಕೇಳಿದ್ದೇನೆ. ತಗಡಿನ ಮೇಲಿನ ಮಳೆ ಬೇರೆ ಜಾತಿ. ಅದರಲ್ಲಿ ಏರುಸದ್ದು ಜಾಸ್ತಿ, ಒಂದೊಂದು ಹನಿಯೂ ಬೇರೆ ಬೇರೆ ಟಪ್ ಎನ್ನುತ್ತದೆ. ಸುಮಾರು ಒಂದು ಕಿಲೋಹರ್ಟ್ಸ್ ಮೇಲಿನ ಸದ್ದಿಗೆ ಈ ತಂತ್ರ ಅಷ್ಟಾಗಿ ನಿಲುಕುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಕಿವಿಯನ್ನು ಬಿಗಿಯಾಗಿ ಮುಚ್ಚುವ ದಪ್ಪ ಪ್ಯಾಡು, ಇಲ್ಲವೇ ಕಿವಿಯೊಳಗೆ ಕೂರುವ ರಬ್ಬರ್ ಟಿಪ್ಪು. ವಾರವಾರವೂ ಬೆಂಗಳೂರಿಗೆ ಓಡಾಡುವವರಾದರೆ ನಾಯ್ಸ್ ಕ್ಯಾನ್ಸಲಿಂಗಿಗೆ ದುಡ್ಡು ಹಾಕಿ. ಮಳೆಗೆ ಅಂತ ಹಾಕಬೇಡಿ.

ಇನ್ನು ದುಡ್ಡಿನ ಲೆಕ್ಕ. ಬೆಲೆ ವಾರಕ್ಕೊಂದು ಥರ ಇರುತ್ತದೆ, ಹಬ್ಬದ ಸೇಲಿನಲ್ಲಿ ಇನ್ನೊಂದು ಥರ. ನಾನು ಹೇಳುವುದನ್ನು ಸುಮಾರು ಲೆಕ್ಕ ಎಂದೇ ತಿಳಿಯಿರಿ.

ಎರಡು ಸಾವಿರದ ಒಳಗೆ ದುಡ್ಡಿದ್ದರೆ ತಲೆಯ ಮೇಲೆ ಹಾಕುವ ಹೆಡ್‌ಫೋನ್ ನೋಡಲೇಬೇಡಿ. ಆ ಬೆಲೆಗೆ ಸಿಗುವ ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ನಿಮ್ಮ ದುಡ್ಡಿನ ದೊಡ್ಡ ಪಾಲು ಬಣ್ಣದ ಲೈಟಿಗೆ, ಮೈಕಿನ ಕಡ್ಡಿಗೆ, ಪ್ಲಾಸ್ಟಿಕ್ ಅಚ್ಚಿಗೆ ಹೋಗಿರುತ್ತದೆ. ಅದೇ ದುಡ್ಡಿಗೆ ಕಿವಿಯೊಳಗೆ ಕೂರುವ, ವೈರಿರುವ ಇನ್-ಇಯರ್ ತಗೊಂಡರೆ ಸಿಗುವ ಧ್ವನಿಯೇ ಬೇರೆ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಚೀನಾದ ಸಣ್ಣ ಕಂಪನಿಗಳು ಈ ಬೆಲೆಯಲ್ಲಿ ಮಾಡಿರುವ ಕೆಲಸ ನಿಜಕ್ಕೂ ದೊಡ್ಡದು.

ಕೆಜೆಡ್ ಇಡಿಎಕ್ಸ್ ಪ್ರೊ ಸಾವಿರದ ಆಸುಪಾಸಿಗೆ ಸಿಗುತ್ತದೆ. ವೈರು ಬಿಚ್ಚಬಹುದು. ನನ್ನ ಪಾಲಿಗೆ ಅದೇ ದೊಡ್ಡ ಗುಣ, ಯಾಕೆಂದರೆ ಇಯರ್‌ಫೋನ್ ಕೆಡುವುದು ನೂರಕ್ಕೆ ತೊಂಬತ್ತು ಪಾಲು ವೈರಿನ ಬುಡದಲ್ಲಿ. ಬಾಸ್ ಜಾಸ್ತಿ, ಮೇಲಿನ ಸ್ವರವೂ ಜಾಸ್ತಿ, ನಡುವೆ ಸ್ವಲ್ಪ ತಗ್ಗು. ಸಿನಿಮಾ ಹಾಡಿಗೆ, ಫೋನಿನಲ್ಲಿ ಬಿಜಿಎಂಐ ಆಡುವವರಿಗೆ ಚೆನ್ನಾಗಿದೆ. ಗಮಕಕ್ಕೆ ನನಗೆ ಹಿಡಿಸಲಿಲ್ಲ. ಗಮಕದಲ್ಲಿ ಇರುವುದೆಲ್ಲ ನಡುವಿನಲ್ಲೇ. ಹೊಸಹಳ್ಳಿಯ ಗಮಕ ಕೇಳಿ ಬೆಳೆದ ಕಿವಿಗೆ ಹಾಡುವವರು ಎರಡು ಹೆಜ್ಜೆ ಹಿಂದೆ ಸರಿದು ನಿಂತ ಹಾಗೆ ಅನ್ನಿಸುತ್ತದೆ.

ಮೂಂಡ್ರಾಪ್ ಚು 2022ರಲ್ಲಿ ಬಂದದ್ದು. ಎರಡು ಸಾವಿರದ ಒಳಗೆ ಮನುಷ್ಯರ ದನಿ ಇಷ್ಟು ಸಹಜವಾಗಿ ಕೇಳಿಸುವ ಇನ್ನೊಂದನ್ನು ನಾನು ಕೇಳಿಲ್ಲ. "ಳ" ಎನ್ನುವಾಗ ನಾಲಿಗೆ ಮಡಚುವುದು, ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವುದು, ಎಲ್ಲ ಸ್ಪಷ್ಟ. ಮೊದಲ ಚುವಿನ ವೈರು ಬಿಚ್ಚಲು ಬರುವುದಿಲ್ಲ. ಆಮೇಲಿನ ಚು 2ರಲ್ಲಿ ಬಿಚ್ಚಬಹುದು. ತಗೊಳ್ಳುವುದಾದರೆ ಎರಡನೆಯದನ್ನೇ ತಗೊಳ್ಳಿ. ಇಂಥವೆಲ್ಲ ಮೈಕ್ ಇರುವುದು, ಇಲ್ಲದ್ದು ಎಂದು ಎರಡು ಬಗೆಯಲ್ಲಿ ಬರುತ್ತವೆ. ಫೋನಿನಲ್ಲಿ ಮಾತಾಡಲೂ ಬೇಕೆಂದರೆ ಮೊದಲೇ ನೋಡಿಕೊಳ್ಳಬೇಕು.

ಇಯರ್‌ಫೋನ್ ಜತೆ ಮೂರು ಅಳತೆಯ ಟಿಪ್ಪು ಕೊಡುತ್ತಾರೆ. ಬಹಳ ಜನ ಹಾಕಿ ಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತಾರೆ, ಆಮೇಲೆ ಬಾಸೇ ಇಲ್ಲ ಎನ್ನುತ್ತಾರೆ. ಟಿಪ್ಪು ಕಿವಿಯ ದಾರಿಯನ್ನು ಪೂರ್ತಿ ಮುಚ್ಚದಿದ್ದರೆ ತಗ್ಗಿನ ಸ್ವರ ಸೋರಿಹೋಗುತ್ತದೆ. ಪರೀಕ್ಷೆ ಸುಲಭ. ಹಾಡು ಹಾಕಿ ಎರಡೂ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಬಾಸ್ ಏರಿತೋ, ನಿಮ್ಮ ಟಿಪ್ಪು ಸಣ್ಣದು. ನನ್ನ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕು. ಹಾಗೆ ಇರುವವರು ಬಹಳ ಜನ. ಮಳೆಯ ಸದ್ದನ್ನು ತಡೆಯುವುದೂ ಇದೇ ರಬ್ಬರು. ತಗಡಿನ ಮನೆಗೆ ಎರಡು ಸಾವಿರದ ಇಯರ್‌ಫೋನು ಹದಿನೈದು ಸಾವಿರದ ಓಪನ್ ಬ್ಯಾಕಿಗಿಂತ ಮೇಲು ಎನ್ನುವುದು ಇದಕ್ಕೇ.

ಈಗಿನ ಬಹಳ ಫೋನುಗಳಲ್ಲಿ ಪಿನ್ ಚುಚ್ಚುವ ತೂತೇ ಇಲ್ಲ. ಅದಕ್ಕೆ ಟೈಪ್-ಸಿ ಡಾಂಗಲ್ ಬೇಕು. ಫುಟ್‌ಪಾತಿನ ನೂರು ರೂಪಾಯಿಯ ಡಾಂಗಲ್‌ಗಳಲ್ಲಿ ಕೆಲವಕ್ಕೆ ಒಳಗೆ ಡಿಜಿಟಲನ್ನು ಧ್ವನಿಯಾಗಿಸುವ ಚಿಪ್ಪೇ ಇರುವುದಿಲ್ಲ. ಫೋನಿನಲ್ಲೇ ಆ ಸೌಲಭ್ಯ ಇದ್ದರೆ ಮಾತ್ರ ಅವು ನಡೆಯುತ್ತವೆ, ಇಲ್ಲದಿದ್ದರೆ ಸುಮ್ನೆ ವೈರು ಅಷ್ಟೇ. "ಒಳಗೆ ಡ್ಯಾಕ್ ಇದೆಯಾ?" ಎಂದು ಕೇಳಿ ತಗೊಳ್ಳಿ.

ಮೂರರಿಂದ ಆರು ಸಾವಿರದ ನಡುವೆ ನಿಜವಾದ ಯೋಚನೆ ಶುರುವಾಗುತ್ತದೆ. ಇಲ್ಲಿ ದಾರಿ ಎರಡು. ಒಂದು, ಮೈಕ್ ಇರುವ ಗೇಮಿಂಗ್ ಹೆಡ್‌ಸೆಟ್. ಇನ್ನೊಂದು, ಹಾಡಿನ ಹೆಡ್‌ಫೋನ್ ತಗೊಂಡು ಮೈಕನ್ನು ಬೇರೆ ಮಾಡಿಕೊಳ್ಳುವುದು.

ತಮ್ಮ ಮೊದಲನೆಯ ದಾರಿ ಹಿಡಿದ. ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್ ಅವನ ಹತ್ತಿರ ಇದೆ. ತೂಕ 240 ಗ್ರಾಂ. ಹೊತ್ತುಗಟ್ಟಲೆ ಹಾಕಿಕೊಂಡರೂ ನೆತ್ತಿ ನೋಯುವುದಿಲ್ಲ, ಕನ್ನಡಕದ ಕಡ್ಡಿ ಒತ್ತುವುದಿಲ್ಲ. ಪ್ಯಾಡು ದಪ್ಪಗಿದೆ, ಮಳೆಯನ್ನು ಸಾಕಷ್ಟು ತಡೆಯುತ್ತದೆ. ಮಾತು ಸ್ಪಷ್ಟವಾಗಿ ಹೋಗುತ್ತದೆ. ಗೇಮಿಗೆ ಅಂತಲೇ ಕೇಳಿದರೆ ಈ ಬೆಲೆಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಹಾಡಿಗೆ? ಕೇಳಬಹುದು, ಆದರೆ ಕೂತು ಕೇಳಬೇಕು ಅನ್ನಿಸುವುದಿಲ್ಲ. ಬಾಸು ಉಬ್ಬಿದೆ. ಅದರಲ್ಲಿ ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿದರೆ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಬಂದು, ಎಲ್ಲ ಸೇರಿ ಗುಡುಗುಡು ಎನ್ನುತ್ತದೆ.

ನಾನು ಎರಡನೆಯ ದಾರಿ ಹಿಡಿದೆ. ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್. ಕ್ಲೋಸ್ಡ್ ಬ್ಯಾಕ್, 40 ಮಿಲಿಮೀಟರ್ ಡ್ರೈವರ್ (ಒಳಗಿನ ಸ್ಪೀಕರ್), ವೈರು ಬಿಟ್ಟರೆ 190 ಗ್ರಾಂ. ಮೂರು ಮೀಟರ್ ಉದ್ದದ ವೈರು, ಬಿಚ್ಚಲು ಬರುವುದಿಲ್ಲ, ಕಾಲಿಗೆ ತೊಡರುತ್ತದೆ. ನೋಡಲು ಏನೇನೂ ಚಂದ ಇಲ್ಲ. ಆದರೆ ಅದೇ ಡೊಳ್ಳಿನ ರೆಕಾರ್ಡಿಂಗನ್ನು ಇದರಲ್ಲಿ ಕೇಳಿ. ಕೋಲು ಚರ್ಮಕ್ಕೆ ತಾಗುವ ಸದ್ದು ಬೇರೆ, ಆಮೇಲೆ ಡೊಳ್ಳಿನ ಹೊಟ್ಟೆಯಿಂದ ಏಳುವ ಸದ್ದು ಬೇರೆ. ಎಡಗೈಯ ಪೆಟ್ಟೂ ಬಲಗೈಯ ಪೆಟ್ಟೂ ಒಂದರೊಳಗೊಂದು ಕಲಸುವುದಿಲ್ಲ. ಬಾಸ್ ಪ್ರಮಾಣದಲ್ಲಿ ಕಡಿಮೆ, ಆದರೆ ಎಲ್ಲಿ ಶುರು, ಎಲ್ಲಿ ನಿಂತಿತು ಅನ್ನುವುದು ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಚಂಡೆ ಏರಿದಾಗಲೂ ಭಾಗವತರ ಪದ ಮುಳುಗುವುದಿಲ್ಲ. ಮದ್ದಳೆ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಐದು ಸಾವಿರದೊಳಗೆ ಹಾಡಿಗೆ ನನ್ನ ಆಯ್ಕೆ ಇದೇ.

ಇದಕ್ಕೆ ಮೈಕ್ ಇಲ್ಲ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗೇಮಿನಲ್ಲಿ "ಎಡಕ್ಕೆ ಬಂದ, ಎಡಕ್ಕೆ ಬಂದ" ಎಂದು ಕೂಗಲು ಅದು ಧಾರಾಳ ಸಾಕು. ಒಂದು ಎಚ್ಚರಿಕೆ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಅದು ಮೂರು ಗೆರೆಯ ಪಿನ್ನಿಗೆ ಮಾಡಿದ್ದು, ಹೆಡ್‌ಫೋನ್ ಮೈಕ್ ಎರಡಕ್ಕೂ ಸೇರಿ. ಡೆಸ್ಕ್‌ಟಾಪಿನಲ್ಲಿ ಹಸಿರು, ಗುಲಾಬಿ ಬಣ್ಣದ ಎರಡು ಬೇರೆ ತೂತು. ನಿಮ್ಮದು ಯಾವುದೋ ನೋಡಿಕೊಂಡು ಅದಕ್ಕೆ ಸರಿಯಾದ ಸ್ಪ್ಲಿಟರ್, ಅಂದರೆ ಕವಲೊಡೆದ ತುಂಡು ವೈರು, ತನ್ನಿ. ನನ್ನ ಹತ್ತಿರ "ಮ್ಯಾಮ್, ಮೈಕ್ ಕೆಟ್ಟಿದೆ" ಎಂದು ಬರುವ ಹುಡುಗರಲ್ಲಿ ಬಹಳ ಜನರದ್ದು ಮೈಕ್ ಕೆಟ್ಟಿರುವುದಿಲ್ಲ, ಪಿನ್ ಹೊಂದಿರುವುದಿಲ್ಲ.

ಡಬ್ಬದ ಮೇಲೆ ದೊಡ್ಡದಾಗಿ 7.1 ಎಂದು, ಅಂದರೆ ಸುತ್ತಲೂ ಸ್ಪೀಕರ್ ಇಟ್ಟ ಹಾಗೆ ಕೇಳಿಸುವ ಸರೌಂಡ್ ಎಂದು, ಬರೆದಿರುತ್ತಾರಲ್ಲ, ಅದಕ್ಕೆ ಮರುಳಾಗಬೇಡಿ. ಈಗಿನ ಅಂಥ ಹೆಡ್‌ಸೆಟ್‌ಗಳಲ್ಲಿ ಕಿವಿಗೊಂದೇ ಸ್ಪೀಕರ್, ಉಳಿದದ್ದೆಲ್ಲ ಸಾಫ್ಟ್‌ವೇರ್ ಕೈಚಳಕ. ನಮಗಿರುವುದೂ ಎರಡೇ ಕಿವಿ. ಬಲಗಡೆಯ ಸದ್ದು ಬಲಗಿವಿಗೆ ಒಂದು ಕ್ಷಣ ಮೊದಲು ತಲುಪುತ್ತದೆ. ಪೂರ್ತಿ ಪಕ್ಕದಿಂದ ಬಂದರೂ ಆ ಅಂತರ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಎಡಗಿವಿಗೆ ತಲೆ ಅಡ್ಡ ಇರುವುದರಿಂದ ಅಲ್ಲಿ ಸ್ವಲ್ಪ ಮಂಕಾಗಿಯೂ ಕೇಳಿಸುತ್ತದೆ. ಕಿವಿಯ ಹಾಲೆಯ ಏರುತಗ್ಗುಗಳು ಮೇಲೆ ಕೆಳಗೆ, ಹಿಂದೆ ಮುಂದೆ ಅನ್ನುವುದನ್ನು ತಿಳಿಸುತ್ತವೆ. ಇದನ್ನೆಲ್ಲ ಲೆಕ್ಕ ಹಾಕಿ ಎರಡೇ ಸ್ಪೀಕರಿನಲ್ಲಿ ದಿಕ್ಕು ತೋರಿಸುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎನ್ನುತ್ತಾರೆ. ವ್ಯಾಲೊರಂಟಿನ ಆಡಿಯೊ ಸೆಟ್ಟಿಂಗಿನಲ್ಲೇ ಅದು ಇದೆ, ಆನ್ ಮಾಡಿದರೆ ಆಯಿತು. ಆದರೆ ಗೇಮಿನದ್ದೂ ಆನ್, ಹೆಡ್‌ಸೆಟ್ಟಿನ 7.1 ಕೂಡ ಆನ್ ಇಟ್ಟರೆ ಒಂದರ ಮೇಲೊಂದು ಕೂತು ಎಲ್ಲ ಕೆಡುತ್ತದೆ. ತಮ್ಮನ ಗೆಳೆಯನೊಬ್ಬನಿಗೆ ಮೆಟ್ಟಿಲಿನ ಮೇಲಿನ ಹೆಜ್ಜೆ ಸದಾ ಬೆನ್ನ ಹಿಂದೆಯೇ ಕೇಳಿಸುತ್ತಿತ್ತು. ಹೆಡ್‌ಸೆಟ್ಟಿನ ಸರೌಂಡ್ ಆಫ್ ಮಾಡಿ, ವಿಂಡೋಸಿನಲ್ಲಿ ಬರೀ ಸ್ಟೀರಿಯೊ ಇಟ್ಟೆವು. ಅವತ್ತೇ ಸರಿಹೋಯಿತು. ಎಂ20ಎಕ್ಸ್ ಹಾಕಿಕೊಂಡು ಆಡಿದರೂ ದಿಕ್ಕು ಅಷ್ಟೇ ಚೆನ್ನಾಗಿ ತಿಳಿಯುತ್ತದೆ.

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಡಿಗೆ ಅಡ್ಡಿ ಇಲ್ಲ. ತೋಟದಲ್ಲಿ ಓಡಾಡುತ್ತಾ ಕೇಳುವವರಿಗೆ ಅದೇ ಸುಖ. ಗೇಮಿಗೆ ಬೇಡ. ಮಾಮೂಲಿ ಬ್ಲೂಟೂತಿನಲ್ಲಿ ಸದ್ದು ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಗುಂಡು ತಾಗಿದ ಮೇಲೆ ಸದ್ದು ಕೇಳಿ ಏನು ಪ್ರಯೋಜನ? ಅದಕ್ಕಿಂತ ದೊಡ್ಡ ತೊಂದರೆ ಕಂಪ್ಯೂಟರಿನಲ್ಲಿ ಮೈಕ್ ಆನ್ ಮಾಡಿದಾಗ. ಹಳೆಯ ಬ್ಲೂಟೂತ್ ವ್ಯವಸ್ಥೆಯಲ್ಲಿ ಒಳ್ಳೆಯ ಸ್ಟೀರಿಯೊ ಮತ್ತು ಮೈಕ್ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಮೈಕ್ ಬೇಕೆಂದ ಕೂಡಲೇ ಅದು ಫೋನ್ ಕರೆಯ ದಾರಿಗೆ ಹೊರಳುತ್ತದೆ, ಎಡಬಲ ಹೋಗಿ ಎಲ್ಲ ಒಂದೇ ಆಗುತ್ತದೆ, ಧ್ವನಿ ಟೆಲಿಫೋನಿನ ಧ್ವನಿಯಾಗುತ್ತದೆ. ಹೆಡ್‌ಫೋನ್ ಹಾಳಾಯಿತು ಎಂದು ಹೆದರುವವರಿದ್ದಾರೆ. ಹಾಳಾಗಿಲ್ಲ, ಅದು ಹಾಗೇ. ವೈರಿಲ್ಲದೆ ಆಡಲೇಬೇಕು ಎಂದರೆ 2.4 ಗಿಗಾಹರ್ಟ್ಸ್ ಯುಎಸ್‌ಬಿ ಡಾಂಗಲ್ ಜತೆ ಬರುವ ಹೆಡ್‌ಸೆಟ್ ನೋಡಿ. ಅದರಲ್ಲಿ ತಡ ಬಹಳ ಕಡಿಮೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದರೆ ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಚಾರ್ಜಿನ ಚಿಂತೆ ಇಲ್ಲದ ವೈರೇ ನನಗೆ ಇಷ್ಟ. ಒಂದು ಮಾತು ಮಾತ್ರ ಮರೆಯಬೇಡಿ. ಗುಡುಗು ಸಿಡಿಲು ಶುರುವಾದರೆ ಕರೆಂಟಿಗೆ ಸಿಕ್ಕಿಸಿದ ಕಂಪ್ಯೂಟರಿನಿಂದ ವೈರಿನ ಹೆಡ್‌ಫೋನ್ ಹಾಕಿಕೊಂಡು ಕೂರಬೇಡಿ. ತೆಗೆದಿಡಿ.

ಎಂಟು ಹತ್ತು ಸಾವಿರಕ್ಕೆ ಏರಿದರೆ ಏನು ಬದಲಾಗುತ್ತದೆ? ಮುಖ್ಯವಾಗಿ ಬಾಳಿಕೆ, ಬಿಡಿಭಾಗ, ಹಾಕಿಕೊಳ್ಳುವ ಸುಖ. ಆಡಿಯೊ-ಟೆಕ್ನಿಕಾ ಎಂ40ಎಕ್ಸ್ ಎಂ20ಎಕ್ಸ್‌ನ ಅಣ್ಣ. ವೈರು ಬಿಚ್ಚಬಹುದು, ಎರಡು ವೈರು ಕೊಡುತ್ತಾರೆ. ಧ್ವನಿ ಇನ್ನಷ್ಟು ಸಮ. ಗೇಮಿನವರಿಗೆ ಹೈಪರ್‌ಎಕ್ಸ್ ಕ್ಲೌಡ್ 2 ಹಳೆಯ ಸಾಮಾನು, ಈಗಲೂ ಒಳ್ಳೆಯ ಸಾಮಾನು. ಮೈಕ್ ತೆಗೆದಿಡಬಹುದು. ಇದರ ಡಬ್ಬದಲ್ಲಿ ಎರಡು ಜತೆ ಪ್ಯಾಡು ಇರುತ್ತದೆ, ಒಂದು ರೆಕ್ಸಿನ್ ಥರದ್ದು, ಇನ್ನೊಂದು ವೆಲ್ವೆಟ್ ಬಟ್ಟೆಯದು. ಮಲೆನಾಡಿನವರಿಗೆ ಆ ಎರಡನೇ ಜತೆಯ ಬೆಲೆ ಗೊತ್ತಾಗುತ್ತದೆ, ಮುಂದೆ ಹೇಳುತ್ತೇನೆ. ಹತ್ತು ಸಾವಿರ ದಾಟಲು ಮನಸ್ಸಿದ್ದರೆ ಬೇಯರ್‌ಡೈನಮಿಕ್ ಡಿಟಿ 770 ಪ್ರೊ, 80 ಓಮ್‌ನದ್ದು (ಓಮ್ ಲೆಕ್ಕ ಮುಂದೆ ಹೇಳುತ್ತೇನೆ). ಮುಚ್ಚಿದ ಬಟ್ಟಲು, ಬಟ್ಟೆಯ ಪ್ಯಾಡು, ಪ್ಯಾಡಿನಿಂದ ಹಿಡಿದು ನೆತ್ತಿಯ ಪಟ್ಟಿಯವರೆಗೆ ಬಿಡಿಭಾಗ ಸಿಗುತ್ತದೆ. ಹಾಡು, ಗೇಮು ಎರಡಕ್ಕೂ ಒಂದೇ ಹೆಡ್‌ಫೋನ್, ಮನೆಗೆ ತಗಡು, ಹತ್ತು ವರ್ಷ ಬರಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದು. ಮೇಲಿನ ಸ್ವರ ಸ್ವಲ್ಪ ಚೂಪು. ಚಂಡೆಯನ್ನು ಜೋರಾಗಿ ಇಟ್ಟರೆ ಚುಚ್ಚುತ್ತದೆ, ವಾಲ್ಯೂಮ್ ತಗ್ಗಿಸಿ ಕೇಳಬೇಕು.

ಹದಿನೈದು, ಇಪ್ಪತ್ತು ಸಾವಿರದ ಮಟ್ಟಕ್ಕೆ ಬಂದರೆ ಓಪನ್ ಬ್ಯಾಕಿನ ಲೋಕ ತೆರೆಯುತ್ತದೆ. ತಾರಸಿ ಮನೆ, ಮೌನವಾದ ಕೋಣೆ, ಪಕ್ಕದಲ್ಲಿ ಮಲಗಿದವರು ಇಲ್ಲ, ಹಾಗಿದ್ದರೆ ಮಾತ್ರ. ಹಾಸ್ಟೆಲ್ ರೂಮಿನವರಿಗೆ ಇದು ಬೇಡ, ನಿಮ್ಮ ಹಾಡು ಪಕ್ಕದ ಮಂಚಕ್ಕೂ ಕೇಳಿಸುತ್ತದೆ. ವಿನೋಬನಗರದ ಮನೆಯಲ್ಲಿ ನಾನು ಇಟ್ಟುಕೊಂಡಿರುವುದು ಸೆನ್‌ಹೈಸರ್ ಎಚ್‌ಡಿ 560ಎಸ್. 2020ರಲ್ಲಿ ಬಂದದ್ದು, 120 ಓಮ್. ಗೆಳತಿಯೊಬ್ಬಳ ಹತ್ತಿರ ಬೇಯರ್‌ಡೈನಮಿಕ್ ಡಿಟಿ 990 ಪ್ರೊ ಇದೆ, 250 ಓಮ್. ಎರಡನ್ನೂ ಪಕ್ಕಪಕ್ಕ ಇಟ್ಟು ಅಪ್ಪನ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಒಂದು ಭಾವಗೀತೆ ಕೇಳಿದೆವು. ಹಾರ್ಮೋನಿಯಂ, ತಬಲಾ, ಒಬ್ಬರೇ ಹಾಡುಗಾರರು. ಡಿಟಿ 990ಯಲ್ಲಿ ಮೊದಲು ಕೇಳಿಸಿದ್ದು ಹಾಡಲ್ಲ, ಟೇಪಿನ ಸುಸ್ ಎನ್ನುವ ಸದ್ದು. ಅದರ ಏರುಸ್ವರ ಮೇಲೆದ್ದಿದೆ, ಹಾಗಾಗಿ ಹಳೆಯ ಟೇಪಿನ ದೋಷವನ್ನೆಲ್ಲ ಎತ್ತಿ ತೋರಿಸುತ್ತದೆ. ಅದೇ ಗುಣ ಗೇಮಿನಲ್ಲಿ ಅನುಕೂಲ, ಗಾಜು ಒಡೆದದ್ದು, ಬಂದೂಕಿಗೆ ಗುಂಡು ತುಂಬಿದ್ದು ಥಟ್ಟನೆ ಕಿವಿಗೆ ಬೀಳುತ್ತದೆ. 560ಎಸ್‌ನಲ್ಲಿ ಆ ಸುಸ್ ಹಿಂದೆ ಉಳಿದು ದನಿ ಮುಂದೆ ಬಂತು. ಹಾರ್ಮೋನಿಯಂ ಮುಚ್ಚಳದ ಕಿರಿಕ್ ಸಹ ಕೇಳಿಸಿತು. ಅಪ್ಪನಿಗೆ ಹಾಕಿ ಕೇಳಿಸಿದೆ. ಅವರು ಪೂರ್ತಿ ಹಾಡು ಮುಗಿಯುವವರೆಗೆ ತೆಗೆಯಲಿಲ್ಲ.

ಈ ಓಮ್ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಓಮ್ ಜಾಸ್ತಿ ಇದ್ದರೆ ಅದೇ ಸದ್ದಿಗೆ ಸಾಮಾನ್ಯವಾಗಿ ಹೆಚ್ಚು ವೋಲ್ಟೇಜ್ ಬೇಕು. ಸೆನ್‌ಹೈಸರಿನ ಎಚ್‌ಡಿ 600 ಎಂಬ ಹೆಸರುವಾಸಿ ಹೆಡ್‌ಫೋನು 300 ಓಮ್. ಇಂಥದ್ದಕ್ಕೆ, ಡಿಟಿ 990ಗೆ ಫೋನಿನ ಡಾಂಗಲ್ ಸಾಲದೆ ಹೋಗಬಹುದು, ಅದರಲ್ಲೂ ತಗ್ಗಿನ ಮಟ್ಟದಲ್ಲಿ ರೆಕಾರ್ಡ್ ಆದ ಹಳೆಯ ಕಾರ್ಯಕ್ರಮಗಳಿಗೆ. ಆಗ ಒಂದು ಆಂಪ್ಲಿಫೈಯರಿನ ಖರ್ಚು ಸೇರಿಸಿಕೊಳ್ಳಿ. 560ಎಸ್ ಅಷ್ಟು ಹಟ ಮಾಡುವುದಿಲ್ಲ, ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ಇನ್ನೊಂದು ಮಾತು. ನಿಮ್ಮ ಹತ್ತಿರ ಇರುವುದು ಬರೀ ಯಕ್ಷಗಾನದ ಫೋನ್ ರೆಕಾರ್ಡಿಂಗ್, ವಾಟ್ಸಾಪಿನಲ್ಲಿ ಬಂದ ಹಾಡು ಎಂದಾದರೆ ಇಪ್ಪತ್ತು ಸಾವಿರ ಹಾಕಬೇಡಿ. ಎಂ20ಎಕ್ಸ್ ಸಾಕು.

ಈಗ ಬೂಷ್ಟಿನ ವಿಷಯ. ಹೊರಗಿನವರು ಬರೆದ ಯಾವ ರಿವ್ಯೂನಲ್ಲೂ ಇದು ನನಗೆ ಸಿಕ್ಕಿಲ್ಲ, ನಮಗೆ ಮಾತ್ರ ಇದೇ ಮುಖ್ಯ. ರೆಕ್ಸಿನ್ ಥರ ಕಾಣುವ ಕಪ್ಪು ಪ್ಯಾಡಿನ ಮೇಲ್ಪದರ ಪಾಲಿಯುರೆಥೇನ್. ಗಾಳಿಯ ತೇವ ಅದರ ಒಳಕಟ್ಟನ್ನೇ ನಿಧಾನಕ್ಕೆ ಬಿಡಿಸುತ್ತದೆ, ಬೆವರು, ತಲೆಯ ಎಣ್ಣೆ ಸೇರಿದರೆ ಇನ್ನೂ ಬೇಗ. ನನ್ನದೊಂದು ಬ್ಲೂಟೂತ್ ಹೆಡ್‌ಫೋನಿನ ಪ್ಯಾಡು ಎರಡನೇ ಮಳೆಗಾಲಕ್ಕೇ ಹೊಪ್ಪಳಿಕೆ ಎದ್ದು, ಕೆನ್ನೆಗೆಲ್ಲ ಕಪ್ಪು ಚೂರು ಅಂಟುತ್ತಿತ್ತು. ಆ ಮಾಡೆಲ್ಲಿಗೆ ಬದಲಿ ಪ್ಯಾಡು ಸಿಗಲೇ ಇಲ್ಲ. ಅದಕ್ಕೇ ಹೇಳುವುದು, ಕೊಳ್ಳುವ ಮೊದಲು ಅದೇ ಮಾಡೆಲ್ಲಿನ ಪ್ಯಾಡು ಬಿಡಿಯಾಗಿ ಸಿಗುತ್ತದೆಯೇ ಎಂದು ಹುಡುಕಿ. ಎಂ20ಎಕ್ಸ್, ಎಂ40ಎಕ್ಸ್, ಡಿಟಿ 770, ಕ್ಲೌಡ್ 2, ಇವಕ್ಕೆಲ್ಲ ಸಿಗುತ್ತದೆ. ಬಟ್ಟೆಯ ಪ್ಯಾಡು ಸುಲಿಯುವುದಿಲ್ಲ. ಬೂಷ್ಟು ಅದಕ್ಕೂ ಬರುತ್ತದೆ, ಆದರೆ ಬಿಚ್ಚಿ ಉಗುರುಬಿಸಿ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ತೊಳೆಯಬಹುದು. ಬಿಸಿಲು ಕಂಡ ದಿನ ತೊಳೆಯಿರಿ. ಒಣಗಿಲ್ಲ ಎಂದು ಬಟ್ಟೆ ಜತೆ ಬಚ್ಚಲ ಒಲೆಯ ಮೇಲೆ ಹಾಕಬೇಡಿ. ಹೊಗೆ ವಾಸನೆ ಹೋಗುವುದಿಲ್ಲ, ಒಳಗಿನ ಫೋಮು ಗಟ್ಟಿಯಾಗುತ್ತದೆ.

ಮಳೆಗಾಲದಲ್ಲಿ ಹೆಡ್‌ಫೋನನ್ನು ಗೋಡೆಯ ಮೊಳೆಗೆ ನೇತುಹಾಕುವುದೂ ಬೇಡ, ಗೋಡೆಯೇ ಬೆವರುತ್ತಿರುತ್ತದೆ. ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ಲಿನ ನಾಲ್ಕೈದು ಪೊಟ್ಟಣ. ಬಣ್ಣ ಬದಲಿಸುವ ಜೆಲ್ ತಂದರೆ ಒಳ್ಳೆಯದು. ನೀಲಿ ಹರಳು ತೇವ ಹೀರಿದಾಗ ಗುಲಾಬಿಗೆ ತಿರುಗುತ್ತದೆ, ಬದಲಿಸುವ ಹೊತ್ತಾಯಿತು ಎಂದು ಗೊತ್ತಾಗುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇನ್-ಇಯರ್ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ. ಒಂದು ಕಿವಿಯಲ್ಲಿ ಸದ್ದು ಇದ್ದಕ್ಕಿದ್ದ ಹಾಗೆ ಇಳಿದರೆ ಬಹಳ ಸಲ ಡ್ರೈವರ್ ಕೆಟ್ಟಿರುವುದಿಲ್ಲ. ಕೊಳವೆಯ ಬಾಯಿಯ ಸಣ್ಣ ಜಾಲರಿಗೆ ತೇವ ಕಟ್ಟಿರುತ್ತದೆ. ಟಿಪ್ಪು ತೆಗೆದು ಜೆಲ್ಲಿನ ಡಬ್ಬದಲ್ಲಿ ಒಂದು ರಾತ್ರಿ ಇಡಿ. ನನ್ನ ಚು ಹೀಗೆಯೇ ಮರಳಿ ಸರಿಯಾಗಿದೆ.

ಎಲ್ಲಿ ಕೊಳ್ಳುವುದು? ನೆಹರು ರಸ್ತೆ, ದುರ್ಗಿಗುಡಿಯ ಅಂಗಡಿಗಳಲ್ಲಿ ಬ್ಲೂಟೂತ್ ಸಾಮಾನು, ಗೇಮಿಂಗ್ ಹೆಡ್‌ಸೆಟ್ ಧಾರಾಳವಾಗಿ ಸಿಗುತ್ತವೆ. ಸ್ಟುಡಿಯೊ ಹೆಡ್‌ಫೋನ್, ಚೀನಾದ ಇನ್-ಇಯರ್ ಬೇಕೆಂದರೆ ಹೆಚ್ಚಾಗಿ ಆನ್‌ಲೈನೇ ಗತಿ, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡು. ಅಂಗಡಿಯಲ್ಲಿ ಕೊಳ್ಳುವುದರ ಲಾಭ ಒಂದೇ, ತಲೆಗೆ ಹಾಕಿ ನೋಡಬಹುದು. ನಾನು ಹೋಗುವ ಅಂಗಡಿಯವರು "ಕೂತ್ಕೊಂಡು ಕೇಳಿ ಮೇಡಂ" ಎಂದು ಸ್ಟೂಲ್ ಕೊಡುತ್ತಾರೆ. ಹೋಗುವಾಗ ನಿಮ್ಮ ಹಾಡು ನಿಮ್ಮ ಫೋನಿನಲ್ಲೇ ಇರಲಿ, ಅವರು ಹಾಕುವ ಬಾಸ್ ತುಂಬಿದ ಹಾಡಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಒಯ್ಯುವುದು ಡೊಳ್ಳು, ಗಮಕ, ಕ್ಯಾಸೆಟ್ಟಿನ ಭಾವಗೀತೆ. ಒಂದನ್ನಾದರೂ ಪೂರ್ತಿ ಕೇಳಿ. ಕನ್ನಡಕ ಇದ್ದರೆ ಹಾಕಿಕೊಂಡೇ ಕೇಳಿ. ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, ಬಗ್ಗಿ ನೋಡಿ, ಜಾರಬಾರದು.

ಆನ್‌ಲೈನಿನಲ್ಲಿ ತರಿಸುವುದಾದರೆ ಇಂಡಿಯಾದ ವಾರಂಟಿ ಇದೆ ಎಂದು ಬರೆದಿರುವ ಕಡೆಯೇ ತಗೊಳ್ಳಿ. ರಿಪೇರಿಗೆ ನಮ್ಮವರು ಬೆಂಗಳೂರಿಗೋ ಅದರಾಚೆಗೋ ಕೊರಿಯರ್ ಮಾಡಬೇಕಾಗುತ್ತದೆ, ಆಗ ಬಿಲ್ಲೇ ಆಧಾರ. ಡಬ್ಬ ಒಡೆಯುವಾಗ ಫೋನಿನಲ್ಲಿ ವಿಡಿಯೊ ಮಾಡಿಡಿ. ಬಂದ ವಾರದಲ್ಲೇ ಎಡ, ಬಲ ಎರಡೂ ಸಮನಾಗಿ ಕೇಳಿಸುತ್ತವೆಯೇ ಎಂದು ಒಂದೇ ದನಿ ಇರುವ ಗಮಕ ಹಾಕಿ ನೋಡಿ. ದನಿ ಸರಿಯಾಗಿ ನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಕ್ಕೆ ಹಾಕಿ ಕೇಳಿ. ಆಗ ದನಿಯೂ ಆಚೆ ಬದಿಗೆ ಹೋದರೆ ದೋಷ ನಿಮ್ಮ ಕಿವಿಯದ್ದಲ್ಲ. ಅದೇ ಫೋನಿನಲ್ಲಿ ಅದೇ ಹಾಡು ಬೇರೆ ಹೆಡ್‌ಫೋನಿನಲ್ಲಿ ನಡುವೆ ನಿಂತರೆ ದೋಷ ಈ ಹೆಡ್‌ಫೋನಿನದ್ದು, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಕಳಿಸಿಬಿಡಿ.